ಬ್ಯಾರೆಯವರು ಓದೂ ವಹಿ

ಕೆಳಗಿನ ಮನೆಯ ವೈನಿಯ ಎಡಗೈ ಒಳಭಾಗದಲ್ಲಿ, ಮಣಿಕಟ್ಟಿನಿಂದ ಮೊಳಕೈವರೆಗೆ, ಯಾವಾಗಲೂ ನೀಲಿ ಬಾಲ್‌ಪೆನ್ನಿನ ಅಂಕಿಗಳಿರುತ್ತಿದ್ದವು. 7.40. ಎಂಟು ಚಮಚ. 9.15, ಅರ್ಧ ಗುಳಿಗೆ. ಮಗಳ ಕೆಲಸದಲ್ಲಿ ಎರಡೂ ಕೈ ಸಿಕ್ಕಿಕೊಂಡಿರುವಾಗ ವಹಿ ಹುಡುಕಿಕೊಂಡು ಬರೆಯಲಾಗುವುದಿಲ್ಲವೆಂದು ಮೊದಲು ಮೈಮೇಲೆ ಬರೆದುಕೊಳ್ಳುತ್ತಿದ್ದರು, ಬಿಡುವಾದಾಗ ವಹಿಗೆ ಇಳಿಸುತ್ತಿದ್ದರು. ವಹಿ ಎಂದರೆ ನೋಟ್‌ಬುಕ್; ವೈನಿ ಎಂದರೆ ಅತ್ತಿಗೆ, ನಾನು ಅವರನ್ನು ಕರೆಯುತ್ತಿದ್ದದ್ದು ಹಾಗೆ. ಬಾಗಲಕೋಟೆ ಕಡೆಯವರು, ಹೈದರಾಬಾದಿಗೆ ಬಂದು ಇಪ್ಪತ್ತೆಂಟು ವರ್ಷವಾದರೂ ಮನೆಯೊಳಗಿನ ಮಾತು ಊರಿನದೇ ಉಳಿದಿತ್ತು. ಲಿಫ್ಟಿನಲ್ಲಿ ಸಿಕ್ಕವರು ಆ ಕೈ ನೋಡಿ ಏನೋ ಹಚ್ಚೆ ಎಂದುಕೊಳ್ಳುತ್ತಿದ್ದರು.

ಗಂಡ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಫಿಟರ್ ಆಗಿದ್ದವರು, ತೀರಿಹೋಗಿದ್ದರು. ಮನೆಯಲ್ಲಿ ಇವರು ಮತ್ತು ಮಗಳು, ಇಬ್ಬರೇ. ಮಗಳಿಗೆ ಇಪ್ಪತ್ತಾರು ವರ್ಷ. ಹುಟ್ಟುವಾಗ ಮಿದುಳಿಗೆ ಪೆಟ್ಟಾಗಿ ನಡಿಗೆ ಬಂದಿರಲಿಲ್ಲ, ಮಾತು ಬಂದಿರಲಿಲ್ಲ, ನುಂಗುವುದೂ ಕಷ್ಟ. ಆಗಾಗ ಫಿಟ್ಸ್ ಬರುತ್ತಿತ್ತು. ವೈನಿ ಅವಳನ್ನು ತಂಗೆವ್ವ ಎಂದು ಕರೆಯುತ್ತಿದ್ದರು. ಕುಕ್ಕರ್ ಸೀಟಿ ಹೊಡೆದರೆ ತಂಗೆವ್ವ ಮೈಯೆಲ್ಲ ಕುಲುಕಿಸಿ ನಗುತ್ತಿದ್ದಳು. ಅನ್ನ ಆದ ಮೇಲೂ ವೈನಿ ಇನ್ನೊಂದು ಸೀಟಿ ಬರುವವರೆಗೆ ಒಲೆ ಆರಿಸುತ್ತಿರಲಿಲ್ಲ. ಹಾಗಾಗಿ ಆ ಮನೆಯ ಅನ್ನ ಯಾವಾಗಲೂ ಮುದ್ದೆ.

ನಮ್ಮದು ಜೀಡಿಮೆಟ್ಲಾದ ಕಾರ್ಖಾನೆಗಳ ಹತ್ತಿರದ ಹಳೆಯ ಅಪಾರ್ಟ್‌ಮೆಂಟು. ಅವರದು ಎರಡನೆಯ ಮಹಡಿ, ನನ್ನದು ಮೂರನೆಯದು. ನಾನು ಮಾದಾಪುರದ ಆಫೀಸೊಂದರಲ್ಲಿ ಎಷ್ಟು ಕೆಲಸ ಯಾವಾಗ ಮುಗಿಯಬೇಕೆಂದು ಲೆಕ್ಕ ಇಡುವ ಹುದ್ದೆಯವಳು. ಎಲ್ಲರ ದಿನಗಳನ್ನೂ ಹೊಂದಿಸುತ್ತಿದ್ದೆ, ನನ್ನದೊಂದು ಬಿಟ್ಟು. ಪ್ರತಿ ಜನವರಿಯಲ್ಲಿ ಚಂದದ ಪ್ಲಾನರ್ ಕೊಳ್ಳುವುದು, ಬಣ್ಣಬಣ್ಣದ ಪೆನ್ನಿನಲ್ಲಿ ಎರಡು ವಾರ ತುಂಬುವುದು, ಫೆಬ್ರವರಿ ಬಂದಾಗ ಅದನ್ನು ಕಪಾಟಿಗೆ ಸೇರಿಸುವುದು. ಒಂದು ವರ್ಷ ಆಫೀಸಿನವರು ಕೊಟ್ಟ ದಪ್ಪ ರಟ್ಟಿನ ಡೈರಿಯನ್ನು ವೈನಿಗೆ ಕೊಡಲು ಹೋದೆ. ತಿರುವಿ ನೋಡಿ ವಾಪಸು ನನ್ನ ಕೈಗಿಟ್ಟರು.

"ತಾರೀಕು ಅಚ್ಚ ಹಾಕಿದ್ದು ನನಗ ಬ್ಯಾಡವಾ. ಇದು ಎಲ್ಲಾ ದಿನಕ್ಕೂ ಒಂದೊಂದ ಪುಟ ಕೊಡತೈತಿ. ನಮ್ಮನ್ಯಾಗ ಕೆಲವು ದಿನ ಎರಡು ಸಾಲು, ಕೆಲವು ದಿನ ನಾಕು ಪುಟ. ಖಾಲಿ ಪುಟ ನೋಡಿದ್ರ ಏನೋ ಮರತೀನಿ ಅನಸತೈತಿ."

ಅವರಿಗೆ ಬೇಕಾದದ್ದು ಗೆರೆ ಹಾಕಿದ ಉದ್ದನೆಯ ವಹಿ, ಇನ್ನೂರು ಪುಟದ್ದು. ದಾರದ ಹೊಲಿಗೆ ಇರಬೇಕು. ಸುರುಳಿ ತಂತಿಯದಾದರೆ ತಂಗೆವ್ವನ ಬೆರಳು ಸಿಕ್ಕಿಬೀಳುತ್ತದೆ. ವರ್ಷಕ್ಕೊಮ್ಮೆ ಬೇಗಂ ಬಜಾರಿಗೆ ಹೋಗಿ ಒಂದು ಡಜನ್ ತರುತ್ತಿದ್ದರು. ಒಮ್ಮೆ ನನ್ನ ಗಂಡ ತಂಗೆವ್ವನ ಬಳಿ ಕುಳಿತಾಗ ನಾನೂ ಜೊತೆಗೆ ಹೋಗಿದ್ದೆ. ಅಂಗಡಿಯಲ್ಲಿ ನಿಂತು ಒಂದೊಂದೇ ವಹಿಯನ್ನು ನಡುವೆ ಬಿಚ್ಚಿ ಬೆನ್ನು ಹಿಂದಕ್ಕೆ ಮಡಚಿದರು, ಕೊನೆಯ ಪುಟದಲ್ಲಿ ಪೆನ್ನು ಒತ್ತಿ ಗೆರೆ ಎಳೆದರು, ಬೆರಳನ್ನು ನಾಲಿಗೆಗೆ ತಾಗಿಸಿ ಆ ಗೆರೆಯ ಮೇಲೆ ಉಜ್ಜಿದರು. ಅಂಗಡಿಯವನು "ಅಮ್ಮಾ, ಶಾದಿ ಕಾ ಜೋಡಾ ನಹೀ ಹೈ" ಎಂದ. ಮದುವೆ ಸೀರೆಯೇನಲ್ಲವಲ್ಲ ಇದು ಎಂದು. ವೈನಿ ನಗಲಿಲ್ಲ. ಅವನಿಗೆ ಹಿಂದಿಯಲ್ಲಿ, "ಸೀರೆ ಹರಿದರೆ ಹೊಲಿಯಬಹುದು" ಎಂದು ಹೇಳಿ ಹನ್ನೆರಡನ್ನೂ ಹಾಗೆಯೇ ಪರೀಕ್ಷಿಸಿದರು.

ಬಸ್ಸಿನಲ್ಲಿ ನಾನು ನನ್ನ ಪ್ಲಾನರುಗಳ ಕಥೆ ಹೇಳಿಕೊಂಡೆ. ಅವರು ಕೇಳಿಸಿಕೊಂಡು, "ನೀ ಮುಂದಿಂದು ಮೊದಲು ಬರೀತಿ. ಅದಕ್ಕ ನಿಲ್ಲೂದಿಲ್ಲ. ಒಂದು ವಾರ ಬರೇ ಆಗಿದ್ದು ಬರಿ. ಎಷ್ಟೊತ್ತಿಗೆ ಎದ್ದಿ, ಎಷ್ಟೊತ್ತು ಸುಮ್ನ ಕುಂತಿ, ಎಲ್ಲಾ. ಆಮ್ಯಾಲ ಮುಂದಿಂದು ಬರಿ. ನೆನಪಿಗೆ ಸೊಕ್ಕು ಐತಿ, ಪೆನ್ನಿಗಿಲ್ಲ" ಎಂದರು. ಹಾಗೆ ಮಾಡಿದೆ. ನನ್ನ ದಿನ ಎಲ್ಲಿ ಸೋರಿಹೋಗುತ್ತಿದೆಯೆಂದು ಆ ಒಂದು ವಾರದಲ್ಲಿ ಕಂಡಷ್ಟು ಹತ್ತು ವರ್ಷದಲ್ಲಿ ಕಂಡಿರಲಿಲ್ಲ. ಇವತ್ತಿಗೂ ನನ್ನ ಕೆಲಸ ನಡೆಯುತ್ತಿರುವುದು ಆ ಮಾತಿನ ಮೇಲೆ.

ಅವರ ವಹಿಗಳು ಸುಮ್ಮನೆ ತುಂಬಿಟ್ಟವಲ್ಲ. ಆಸ್ಪತ್ರೆಯಲ್ಲಿ ಹೊಸ ಡಾಕ್ಟರು ಫಿಟ್ಸ್ ಎಷ್ಟು ಸಲ ಬರುತ್ತದೆ ಎಂದು ಕೇಳಿದಾಗ ವೈನಿ ಹಿಂದಿನ ಎರಡು ವಹಿ ಬಿಚ್ಚಿ, ಒಂದು ಗುಳಿಗೆಯ ಕಂಪನಿ ಬದಲಾದ ವಾರದಿಂದ ಹೇಗೆ ಹೆಚ್ಚಾಗಿದೆಯೆಂದು ಬೆರಳಿಟ್ಟು ತೋರಿಸಿದ್ದರು. ಡಾಕ್ಟರು ಹಳೆಯ ಗುಳಿಗೆಯನ್ನೇ ಬರೆದುಕೊಟ್ಟರು, ಫಿಟ್ಸ್ ಕಡಿಮೆಯಾಯಿತು. ಆ ಚೀಟಿ ಬರೆಸಿಕೊಂಡು ಬಂದ ದಿನ ಕುಕ್ಕರಿಗೆ ಐದು ಸೀಟಿ ಹೊಡೆಸಿದ್ದರು.

ಮುಂದಿನ ವರ್ಷ ವೈನಿ ಸೊರಗತೊಡಗಿದರು. ಕಣ್ಣು ಹಳದಿಯಾದಾಗ ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ, ಯಕೃತ್ತಿಗೂ ಹಬ್ಬಿತ್ತು. ಆಪರೇಷನ್ನಿನ ಹಂತ ದಾಟಿದೆ, ಕೆಲವು ತಿಂಗಳು ಇರಬಹುದು ಎಂದರು ಡಾಕ್ಟರು. ವೈನಿ "ಎಷ್ಟು ತಿಂಗಳು, ಸರಿಯಾಗಿ ಹೇಳ್ರಿ, ನನಗ ಕೆಲಸ ಐತಿ" ಎಂದು ಕನ್ನಡದಲ್ಲೇ ಕೇಳಿದರು. ನಾನು ತೆಲುಗಿನಲ್ಲಿ ಹೇಳಿದೆ. ಡಾಕ್ಟರು ನಾಲ್ಕು ಬೆರಳು ತೋರಿಸಿ, ಒಂದನ್ನು ಮಡಚಿದರು.

ಹೊರಗೆ ಬಂದವರೇ, "ಒಂದು ವಹಿ ಬೇಕವಾ. ಸಣ್ಣದು, ರಟ್ಟು ಗಟ್ಟಿ ಇರಬೇಕು. ಇಲ್ಲೀತನಕ ನಾ ಬರದಿದ್ದೆಲ್ಲಾ ನನಗ. ಇದು ಬ್ಯಾರೆಯವರು ಓದೂ ವಹಿ" ಎಂದರು.

ಊರಿನಲ್ಲಿದ್ದ ತಮ್ಮನಿಗೆ ಫೋನು ಮಾಡಿದರು. ಅವನು ನೋಡೋಣ ಎಂದ, ಆಮೇಲೆ ಎತ್ತಲಿಲ್ಲ. ಹೈದರಾಬಾದಿನ ಹೊರವಲಯದಲ್ಲಿ ತಂಗೆವ್ವನಂಥವರನ್ನು ಇಟ್ಟುಕೊಳ್ಳುವ ಆಶ್ರಮವೊಂದಿತ್ತು, ಅಲ್ಲಿ ಜಾಗ ಗೊತ್ತುಮಾಡಿದೆವು. ತಾನು ಇರುವಾಗಲೇ ಮಗಳನ್ನು ಅಲ್ಲಿಗೆ ಸೇರಿಸಬೇಕು, ತಪ್ಪಿದ್ದನ್ನು ತಾನೇ ನಿಂತು ತಿದ್ದಬೇಕು ಎಂಬುದು ಅವರ ಯೋಜನೆ.

ಮೂರು ವಾರದಲ್ಲಿ ಹೊಸ ವಹಿಯ ಅರ್ಧ ತುಂಬಿತು. ಕುಳ್ಳಿರಿಸಿಯೇ ಉಣಿಸಬೇಕು, ಮಲಗಿಸಿ ಒಂದು ಹನಿ ನೀರೂ ಕೂಡದು. ಗದ್ದ ಕೆಳಗಿರಬೇಕು. 'ಮ್ಮ' ಎಂದರೆ ಅಮ್ಮ ಅಲ್ಲ, ನೀರು. ಕತ್ತು ಎಡಕ್ಕೆ ಹೊರಳಿಸಿದರೆ ಬೇಡ ಎಂದಲ್ಲ, ಬಿಸಿಲು ಕಣ್ಣಿಗೆ ಬೀಳುತ್ತಿದೆ ಎಂದು. ಕಾರ್ಖಾನೆಗಳ ವಾಸನೆ ಬರುವ ದಿನ ಕೆಮ್ಮುತ್ತಾಳೆ, ಅವತ್ತು ಗಂಜಿ ತೆಳ್ಳಗಿರಲಿ. ಹೀಗೆ.

ಒಂದು ದಿನ ನನಗೆ ರಜೆ ಹಾಕಲು ಹೇಳಿದರು. "ನೀ ಇದನ್ನ ನೋಡಿ ಮುಂಜಾನಿಂದ ಮಧ್ಯಾಹ್ನದ ತನಕ ಆಕೀನ್ನ ನೋಡ್ಕೊ. ನಾ ಕೆಳಗ ಕಟ್ಟಿ ಮ್ಯಾಲ ಕುಂತಿರತೀನಿ. ನನ್ನ ಕರೀಬ್ಯಾಡ. ವಹಿ ಸರಿ ಐತೋ ಇಲ್ಲೋ ನೋಡಬೇಕಲ್ಲ."

ನಾನು ಸಾಲು ಸಾಲಾಗಿ ಓದಿ ಮಾಡಿದೆ. ಕುಳ್ಳಿರಿಸಿದೆ, ದಿಂಬು ಕೊಟ್ಟೆ, ಗದ್ದ ಕೆಳಗಿಟ್ಟೆ, ಚಮಚ ತುಟಿಗೆ ತಾಗಿಸಿದೆ. ತಂಗೆವ್ವ ಬಾಯಿ ತೆರೆಯಲಿಲ್ಲ. ಗಂಜಿ ಎರಡು ಸಲ ಬಿಸಿಮಾಡಿದೆ. ಗಂಟೆ ಹತ್ತೂವರೆಯಾಯಿತು. ಹಸಿವಿಗೆ ಅವಳು ಅಳತೊಡಗಿದಳು, ಆದರೂ ಹಲ್ಲು ಬಿಚ್ಚಲಿಲ್ಲ. ಕೊನೆಗೆ ಕೆಳಗೆ ಓಡಿದೆ. ವೈನಿ ಏದುಸಿರು ಬಿಡುತ್ತ ಮೇಲೆ ಬಂದು ಚಮಚ ಹಿಡಿದರು. ತಂಗೆವ್ವ ತಕ್ಷಣ ಬಾಯಿ ತೆರೆದಳು.

"ಏನ್ ಮಾಡಿದ್ರಿ ವೈನಿ?"

"ಏನೂ ಮಾಡಿಲ್ಲವಾ."

"ಏನೋ ಮಾಡಿದ್ರಿ. ಇನ್ನೊಮ್ಮೆ ಮಾಡ್ರಿ, ನೋಡತೀನಿ."

ಎದುರಿಗೆ ಕುಳಿತು ನೋಡಿದೆ. ಪ್ರತಿ ಚಮಚಕ್ಕೂ ಮೊದಲು ವೈನಿ ತಮ್ಮ ಬಾಯನ್ನು ಸ್ವಲ್ಪ ತೆರೆದು, ಹುಬ್ಬೆತ್ತಿ, ಮೂಗಿನಲ್ಲಿ ಸಣ್ಣಗೆ ಹೂಂ ಎನ್ನುತ್ತಿದ್ದರು. ಕಿರುಬೆರಳು ಮಗಳ ಕೆನ್ನೆಯ ಮೇಲಿರುತ್ತಿತ್ತು. ಇಪ್ಪತ್ತಾರು ವರ್ಷ ಹಾಗೆ ಮಾಡಿದ್ದರು, ಅದು ಅವರಿಗೇ ಗೊತ್ತಿರಲಿಲ್ಲ. ನಾನು ಹೇಳಿದಾಗ ಚಮಚ ಬಟ್ಟಲಲ್ಲಿಟ್ಟರು.

"ಹಂಗಾರ ನನಗ ಗೊತ್ತಿಲ್ಲದ್ದು ಇನ್ನೆಷ್ಟು ಐತೋ" ಎಂದರು.

ಆಮೇಲಿನ ಭಾನುವಾರಗಳಲ್ಲಿ ಪೆನ್ನು ಹಿಡಿದು ಅವರನ್ನೇ ನೋಡುತ್ತ ಕೂರುವುದು ನನ್ನ ಕೆಲಸವಾಯಿತು. ಮಗ್ಗುಲು ಬದಲಿಸುವಾಗ ಮೊದಲು ಪಾದ ಸವರುತ್ತೀರಿ. ಬಟ್ಟೆ ಹಾಕುವಾಗ ಎಡ ತೋಳು ಮೊದಲು. ಕಂಡದ್ದನ್ನೆಲ್ಲ ಬರೆದೆ. ವಹಿಯ ಹಿಂದಿನರ್ಧ ನನ್ನ ಅಕ್ಷರ.

ಇನ್ನೊಂದು ವಿಷಯ ಹೊಳೆದದ್ದೂ ಅವರಿಗೇ. ಆಶ್ರಮದಲ್ಲಿ ಕನ್ನಡ ಯಾರು ಓದುತ್ತಾರೆ? ನಾನು ತೆಲುಗಿಗೆ ಮಾಡಿಸುತ್ತೇನೆ ಎಂದೆ. ಅವರು ಒಪ್ಪಲಿಲ್ಲ. ಬಸ್ಸಿನ ಬೋರ್ಡು ನೋಡಿ ತೆಲುಗು ಅಕ್ಷರ ಅಷ್ಟಿಷ್ಟು ಗೊತ್ತಿತ್ತು, ತಲೆಕಟ್ಟು ಬದಲಿಸಿದರೆ ಮುಕ್ಕಾಲು ನಮ್ಮದೇ. ನಾನು ವಾಕ್ಯ ಹೇಳಿಕೊಟ್ಟೆ, ಅವರು ಒಂದೊಂದು ಸಾಲಿನ ಕೆಳಗೂ ಕೆಂಪು ಮಸಿಯಲ್ಲಿ ತೆಲುಗು ಬರೆದರು. ಅಷ್ಟು ಹೊತ್ತಿಗೆ ಹೊಟ್ಟೆಯಲ್ಲಿ ನೀರು ತುಂಬಿತ್ತು. ದಿಂಬಿಗೆ ಒರಗಿ, ದಿನಕ್ಕೆ ಎರಡು ಪುಟ.

ಕೊನೆಯ ಪುಟ ಮುಗಿದ ಮಧ್ಯಾಹ್ನ ಪೆನ್ನಿನ ಮುಚ್ಚಳ ಹಾಕಿ ನನ್ನ ಮುಖ ನೋಡಿದರು. "ಈ ವಹಿ ಅಗದಿ ಸರಿಯಾಗಿ ಓದಾಕ ಬರೂದು ನಿನಗೊಬ್ಬಾಕೀಗೆ" ಎಂದರು. ಅಷ್ಟೇ. ಕೇಳಲಿಲ್ಲ. ನಾನು ಫೋನು ತೆಗೆದು ಯಾವುದೋ ಮೆಸೇಜು ನೋಡುವವಳ ಹಾಗೆ ತಲೆ ತಗ್ಗಿಸಿದೆ. ನನ್ನದು ಎರಡು ಕೋಣೆಯ ಮನೆ, ಇಬ್ಬರಿಗೂ ಕೆಲಸ, ಮಗನಿಗೆ ಪರೀಕ್ಷೆ. ಎಲ್ಲವೂ ನಿಜವಾದ ಕಾರಣಗಳೇ. ತಲೆ ಎತ್ತಿದಾಗ ಅವರು ವಹಿಗೆ ಪ್ಲಾಸ್ಟಿಕ್ ಹೊದಿಕೆ ಹಾಕುತ್ತಿದ್ದರು.

ತಂಗೆವ್ವನನ್ನು ಆಶ್ರಮಕ್ಕೆ ಸೇರಿಸಿದೆವು. ಅಲ್ಲಿನ ಮೇಲ್ವಿಚಾರಕಿ ಒಳ್ಳೆಯ ಹೆಂಗಸು. ವಹಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, "ಮೇಮು ಚೂಸುಕುಂಟಾಮಮ್ಮಾ" ಎಂದಳು. ನಾವು ನೋಡಿಕೊಳ್ಳುತ್ತೇವೆ ಎಂದು. ವೈನಿಗೆ ಅಲ್ಲಿಗೆ ಹೋಗಲು ಆದದ್ದು ಇನ್ನೊಂದೇ ಸಲ. ಅವತ್ತು ಅಲ್ಲಿನ ಆಯಾ ತಂಗೆವ್ವನನ್ನು ಅರೆ ಮಲಗಿಸಿ, ಬಲವಂತವಾಗಿ ಬಾಯಿ ಬಿಡಿಸಿ ಉಣಿಸುತ್ತಿದ್ದಳು. ವೈನಿ ಆಯಾಳ ಕೈ ಹಿಡಿದು ತಡೆದು, ಕುಳ್ಳಿರಿಸಿ ತೋರಿಸಿದರು. ತೋರಿಸುವಾಗ ಅವರ ಕೈಯೇ ನಡುಗಿ ಗಂಜಿ ಮಗಳ ಕೊರಳಿಗೆ ಚೆಲ್ಲಿತು. ವಾಪಸು ಬರುವಾಗ ಕ್ಯಾಬಿನಲ್ಲಿ ಒಂದೇ ಮಾತು ಆಡಿದರು: "ಆಕೀ ನನ್ನ ನೋಡಿ ನಗಲಿಲ್ಲ. ಸಿಟ್ಟ ಬಂದೈತಿ ಆಕೀಗೆ."

ಹನ್ನೆರಡು ದಿನದ ನಂತರ, ಬೆಳಗಿನ ಹೊತ್ತು, ಆಸ್ಪತ್ರೆಯಲ್ಲಿ ವೈನಿ ತೀರಿಕೊಂಡರು. ಕೊನೆಯೆರಡು ದಿನ ಎಚ್ಚರವಿರಲಿಲ್ಲ. ತಮ್ಮ ಬಂದು ಕಾರ್ಯ ಮುಗಿಸಿ ಹೋದ. ಹಳೆಯ ವಹಿಗಳನ್ನು ಏನು ಮಾಡಲಿ ಎಂದು ಅವನು ಕೇಳಲಿಲ್ಲ. ಮನೆ ಖಾಲಿ ಮಾಡಿಸಿದವರು ರದ್ದಿಯವನಿಗೆ ಹಾಕಿದ್ದು ನನಗೆ ಆಮೇಲೆ ತಿಳಿಯಿತು.

ನಾನು ಭಾನುವಾರ ಭಾನುವಾರ ಆಶ್ರಮಕ್ಕೆ ಹೋದೆ. ವಹಿ ಮೇಲ್ವಿಚಾರಕಿಯ ಕೋಣೆಯ ಬೀರುವಿನಲ್ಲಿತ್ತು, ಮನೆಯವರು ಕೊಟ್ಟ ಸಾಮಾನುಗಳ ಜೊತೆ, ಜೋಪಾನವಾಗಿ. ತೆಗೆದು ಆಯಾಗೆ ತೋರಿಸಿದೆ. "ಚದವಡಾನಿಕಿ ಟೈಮ್ ಏದಮ್ಮಾ?" ಎಂದಳು. ಓದುವುದಕ್ಕೆ ಹೊತ್ತೆಲ್ಲಿದೆ? ಸುಳ್ಳಲ್ಲ. ಅವಳ ಎರಡು ಕೈಗೆ ಹದಿನಾಲ್ಕು ಬಾಯಿಗಳಿದ್ದವು. ಬಾಯಿ ತೆರೆದು ಹೂಂ ಎನ್ನಬೇಕು ಎಂದು ನಾನು ಮಾಡಿ ತೋರಿಸಿದೆ. ಅವಳು ನಾಚಿಕೊಂಡು ಎರಡು ಸಲ ಮಾಡಿದಳು. ತಂಗೆವ್ವ ನೋಡಿದಳು, ತೆರೆಯಲಿಲ್ಲ. ನಾನು ಮಾಡಿದರೂ ತೆರೆಯಲಿಲ್ಲ. ವಹಿಯಲ್ಲಿ ಇದ್ದದ್ದೆಲ್ಲ ಸರಿಯಾಗಿತ್ತು, ನಮ್ಮ ಮುಖ ಮಾತ್ರ ವೈನಿಯದಾಗಿರಲಿಲ್ಲ. ಕೊನೆಗೆ ಗಂಜಿ ಇಳಿಸಲು ಮೂಗಿಗೆ ನಳಿಗೆ ಹಾಕಿದರು. ಹತ್ತಿರದಲ್ಲಿ ಕುಕ್ಕರ್ ಇರಲಿಲ್ಲ, ಅಡುಗೆ ಬೇರೆ ಕಟ್ಟಡದಲ್ಲಿ.

ಎರಡು ಭಾನುವಾರ ನನಗೆ ಹೋಗಲಾಗಲಿಲ್ಲ. ಮೂರನೆಯದಕ್ಕೆ ಮೊದಲೇ, ಮೀಟಿಂಗಿನಿಂದ ಹೊರಗೆ ಬರುವಾಗ ಫೋನು ಬಂತು. ಎದೆಯಲ್ಲಿ ಕಫ ಕಟ್ಟಿ ಜ್ವರ ಬಂದಿತ್ತಂತೆ, ಮಧ್ಯಾಹ್ನ ಹೋಗಿಬಿಟ್ಟಳಂತೆ. ತಾಯಿ ಹೋಗಿ ನಾಲ್ಕು ತಿಂಗಳಾಗಿತ್ತು. ಊರಿನ ತಮ್ಮ ಫೋನು ಎತ್ತಲಿಲ್ಲ.

ಆಶ್ರಮದ ಕೋಣೆಯಲ್ಲಿ ಮೇಲ್ವಿಚಾರಕಿ ಒಂದು ರಿಜಿಸ್ಟರು ಮುಂದಿಟ್ಟಳು. ದೇಹ ಒಪ್ಪಿಸಿಕೊಂಡವರ ಹೆಸರು, ವಿಳಾಸ, ಸಹಿ. ನಡುವೆ ಸಂಬಂಧ ಎಂಬ ಕಲಂ. ಅಲ್ಲಿ ನನ್ನ ಪೆನ್ನು ನಿಂತಿತು. ಏನು ಬರೆಯಲಿ ಎಂದು ಕೇಳಿದೆ. ಏನಾದರೂ ಬರೆಯಿರಿ, ಖಾಲಿ ಬಿಡುವಂತಿಲ್ಲ ಎಂದಳು. ಮೇಲಿನ ಸಾಲುಗಳಲ್ಲಿ ತಂದೆ, ಅಣ್ಣ, ಚಿಕ್ಕಮ್ಮ ಎಂದೆಲ್ಲ ಇತ್ತು.

ಮೇಲಿನ ಮನೆಯವರು ಎಂದು ಬರೆದು ಸಹಿ ಹಾಕಿದೆ.