ಕಮಾನಿನ ಕಲ್ಲಿಗೆ ಬರೆದ ಶ್ಲೋಕಗಳು

ಕಲ್ಲಿನಲ್ಲಿ ಕೆತ್ತಿಸಲೆಂದು ನಾನು ಬರೆದದ್ದು ಜೀವಮಾನದಲ್ಲಿ ಒಂದೇ ಸಲ. ಅದು ಎಪ್ಪತ್ತರ ದಶಕದ ನಡುವಿನ ಒಂದು ಚಳಿಗಾಲ. ಆಗ ಮಾನ್ವಿಯ ಶಾಲೆಯೊಂದರಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸುತ್ತಿದ್ದೆ. ದೇವದುರ್ಗದಲ್ಲಿ ಹುಟ್ಟಿ, ಅಲ್ಲಿಯ ಮಠದ ಪಾಠಶಾಲೆಯಲ್ಲಿ ಗುರುಗಳ ಪಾದದ ಬಳಿ ಕುಳಿತು ಓದಿದವನು. ರಾಯಚೂರಿನಲ್ಲಿ ಪರೀಕ್ಷೆಗಳನ್ನು ಮುಗಿಸಿ ನೌಕರಿಗೆ ಸೇರಿದವನು. ರಜೆ ಬಂದರೆ ಹಾಳು ಗುಡಿಗಳಿಗೆ ಹೋಗಿ, ಶಾಸನಗಳ ಧೂಳು ಒರೆಸಿ, ಅಕ್ಷರಗಳನ್ನು ಹಾಳೆಗೆ ಇಳಿಸಿಕೊಳ್ಳುತ್ತಿದ್ದೆ. ನನ್ನ ಈ ಹುಚ್ಚು ಸುತ್ತಲಿನ ಹತ್ತೂರಿಗೆ ಗೊತ್ತಿತ್ತು.

ಒಂದು ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಎದ್ದಾಗ, ಪೋತ್ನಾಳದ ಕಡೆಯ ಒಂದು ಊರಿನ ಪಂಚಾಯಿತಿ ಚೇರ್ಮನ್ನರು ಮನೆಯ ಕಟ್ಟೆಯ ಮೇಲೆ ಕುಳಿತಿದ್ದರು. ಆ ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಅಕ್ಕಿ ಗಿರಣಿಯ ಧಣಿಗಳು, ದೊಡ್ಡ ದನಿಯವರು, ದೈವಭಕ್ತರು.

"ಅಯ್ನೋರ, ನಮ್ಮೂರಿಗೆ ಮಂತ್ರಿ ಬರಾಕತ್ತಾರ. ರಸ್ತೆಕ್ಕ ಒಂದು ಕಮಾನು ಕಟ್ಟಸಾಕತ್ತೀವಿ. ಅದಕ್ಕ ಕಲ್ಲಿನ್ಯಾಗ ಕೆತ್ತಸಾಕ ನಾಕು ಶ್ಲೋಕ ಬರದು ಕೊಡ್ರಿ. ಸಂಸ್ಕೃತದಾಗ ಇರ್ಲಿ. ಕನ್ನಡದಾಗ ಎಲ್ಲಾರೂ ಬರಸ್ತಾರ."

ನನಗೆ ಆದ ಹಿಗ್ಗನ್ನು ಮುಚ್ಚಿಡಲಾರೆ. ಇಷ್ಟು ವರ್ಷ ಪರರ ಶಾಸನಗಳನ್ನು ಓದಿದವನಿಗೆ ತನ್ನದೊಂದು ಶಾಸನ ನಿಲ್ಲುತ್ತದೆ ಎನ್ನುವುದು ಸಣ್ಣ ಆಸೆಯಲ್ಲ. ಒಪ್ಪಿಕೊಂಡೆ. ಆದರೆ ಗುರುಗಳು ಕಲಿಸಿದ ಕ್ರಮ ಒಂದಿತ್ತು. ಶಾಸನವೆಂದರೆ ಮೊದಲು ದೇವತಾಸ್ತುತಿ, ಆಮೇಲೆ ಮಾಡಿಸಿದವರ ಹೆಸರು, ಆಮೇಲೆ ಯಾವ ದ್ರವ್ಯದಿಂದ ಯಾರಿಗಾಗಿ ಮಾಡಿಸಿದರೆಂಬ ಮಾತು, ಕಡೆಗೆ ಬರಹವನ್ನು ಕೆಡಿಸಿದವರಿಗೆ ತಗಲುವ ದೋಷ. ಇವುಗಳಲ್ಲಿ ಒಂದು ತಪ್ಪಿದರೂ ಅದು ಶಾಸನವಲ್ಲ, ಬರಿಯ ಹೊಗಳಿಕೆ.

"ದ್ರವ್ಯ ಯಾವುದು ಅಂತ ಬರೆಯಬೇಕು?" ಎಂದು ಕೇಳಿದೆ.

"ಪಂಚಾಯ್ತಿದರೀ, ಮತ್ತ್ಯಾರದು? ನನ್ನ ಹೆಸರು ದೊಡ್ಡದಾಗಿ ಹಾಕ್ರಿ, ಸಾಕು," ಎಂದು ನಕ್ಕು ಎದ್ದರು.

ಅಷ್ಟಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ. ಮುಂದಿನ ಭಾನುವಾರ ಬಸ್ಸು ಹಿಡಿದು ಆ ಊರಿಗೆ ಹೋದೆ. ಊರ ಬಾಯಿಯಲ್ಲಿ ಕಮಾನು ಎದ್ದು ನಿಂತಿತ್ತು. ಗಾರೆ ಇನ್ನೂ ಹಸಿಯಾಗಿತ್ತು. ಅಂದಕ್ಕಾಗಿ ಬಾಗಿಸಿದ ಅದರ ತಲೆ ಎಷ್ಟು ಕೆಳಗಿತ್ತೆಂದರೆ, ಭತ್ತದ ಹುಲ್ಲು ಹೇರಿಕೊಂಡು ಬಂದ ಬಂಡಿ ನನ್ನ ಕಣ್ಣೆದುರೇ ಅದರಡಿ ಸಿಕ್ಕಿಕೊಂಡಿತು. ಬಂಡಿಯವನು ಎತ್ತುಗಳನ್ನು ಹಿಂದಕ್ಕೆ ಸರಿಸಿ, ಕಮಾನನ್ನು ಬಳಸಿ, ಹೊಲದೊಳಗಿಂದ ಊರು ಸೇರಿದ. ಪಂಚಾಯಿತಿಯ ಕಾರ್ಯದರ್ಶಿ ಸಾಧು ಮನುಷ್ಯ. ನಾನು ಕೇಳಿದ್ದಕ್ಕೆ ಏನನ್ನೂ ಮುಚ್ಚಿಡಲಿಲ್ಲ.

"ಈ ರೊಕ್ಕ ಕೆಳಗಿನ ಕೇರಿಗೆ ನೀರಿನ ಟಾಕಿ, ಪೈಪು ಅಂತ ಬಂದಿತ್ತರೀ. ಮಂತ್ರಿ ಬರೋದು ಗೊತ್ತಾದ ಮ್ಯಾಲೆ ಠರಾವು ಬದಲ್ ಮಾಡಿದ್ರು. ಬಾಜೂ ಊರಾಗ ಕಮಾನು ಅದ, ನಮ್ಮೂರಾಗ ಇಲ್ಲಾ ಅಂತ ನಮ್ಮ ಚೇರ್ಮನ್‌ರಿಗೆ ಭಾಳ ಖೇದ."

ಕೆಳಗಿನ ಕೇರಿಯೆಂದರೆ ಕೂಲಿಯವರ ಕೇರಿ. ಅಲ್ಲಿಗೂ ಹೋದೆ. ಕಾಲುವೆಯ ಸಣ್ಣ ತೂಬಿನ ಬಳಿ ಹೆಂಗಸರು ಕೊಡಕ್ಕೆ ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದರು. ಅವರಲ್ಲಿ ಗಟ್ಟಿ ಮಾತಿನವಳೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಕಮಾನು ನೋಡಾಕ ಬಂದೀರೇನ್ರೀ ಅಯ್ನೋರ? ಅದರಾಗಿಂದ ನೀರು ಬರ್ತಾವೇನು, ನೋಡಿ ಹೇಳ್ರಿ."

ಉಳಿದವರು ನಕ್ಕರು. ಕಾಲುವೆ ನಿಂತ ಮೇಲೆ ಏನು ಮಾಡುತ್ತೀರೆಂದು ಕೇಳಿದೆ.

"ಯುಗಾದಿ ದಾಟಿ ಕಾಲುವಿ ಬಂದ್ ಆಗ್ತದ. ಆಮ್ಯಾಲೆ ಧಣ್ಯಾರ ಹೊಲದ ಬಾವಿಗೆ ಹೋಗೋದು. ನಾವು ಬಾವಿಗೆ ಇಳಿಯಂಗಿಲ್ಲಲ್ಲರೀ. ಯಾರರ ಪುಣ್ಯಾತ್ಮರು ಬಂದು ಸೇದಿ ಹಾಕೋತನ ಕೊಡ ಇಟಗೊಂಡು ಕುಂದ್ರೋದು. ಕೂಲಿ ತಪ್ಪಿದ್ರ ತಪ್ಪಲಿ, ನೀರಾದ್ರ ಸಾಕು ಅಂತ ಕುಂದ್ರೋದು."

ಅವಳ ದನಿಯಲ್ಲಿ ಅಳಲಿರಲಿಲ್ಲ. ದಿನಚರಿಯನ್ನು ಒಪ್ಪಿಸುವಂತೆ ಹೇಳಿದಳು. ಯುಗಾದಿಗೆ ಇನ್ನು ಮೂರು ತಿಂಗಳೂ ಇರಲಿಲ್ಲ.

ಮಾನ್ವಿಗೆ ಮರಳಿ ಮೂರು ದಿನ ಬರೆಯಲು ಕುಳಿತೆ. ಮೊದಲಿನ ಎರಡು ಶ್ಲೋಕಗಳು ಸರಾಗವಾಗಿ ಬಂದವು. ಮೂರನೆಯದರಲ್ಲಿ ದ್ರವ್ಯದ ಮಾತು ಬರಬೇಕು. ಸುಳ್ಳು ಬರೆದರೆ ಗುರುಗಳಿಗೆ ದ್ರೋಹ. ಬಿಟ್ಟರೆ ಕ್ರಮಕ್ಕೆ ದ್ರೋಹ. ಕಡೆಗೆ ಇದ್ದದ್ದನ್ನೇ ಬರೆದೆ: ಕೆಳಗಿನ ಕೇರಿಯ ಜನರ ಕುಡಿಯುವ ನೀರಿಗೆಂದು ಬಂದ ದ್ರವ್ಯದಿಂದ ಈ ಕಮಾನಾಯಿತು, ಅವರಿಗೆ ನೀರು ಇನ್ನೂ ದೊರೆತಿಲ್ಲ ಎಂದು. ನಾಲ್ಕನೆಯದರಲ್ಲಿ, ಈ ಬರಹವನ್ನು ಅಳಿಸಿದವನ ಮನೆತನದ ಪುಣ್ಯವೆಲ್ಲ ಕ್ಷಯವಾಗಲಿ ಎಂದು ಪದ್ಧತಿಯಂತೆ ಮುಗಿಸಿದೆ. ಹಾಳೆಯ ಹಿಂದೆ ನಾಲ್ಕಕ್ಕೂ ಕನ್ನಡದ ಅರ್ಥವನ್ನು ದುಂಡಗೆ ಬರೆದೆ.

ಚೇರ್ಮನ್ನರು ಬಂದು, ಚಪ್ಪಲಿ ಕಳಚಿ, ಎರಡೂ ಕೈಯಿಂದ ಹಾಳೆಯನ್ನು ಪಡೆದು ಕಣ್ಣಿಗೆ ಒತ್ತಿಕೊಂಡರು. ನಮ್ಮ ಕಡೆ ಸಂಸ್ಕೃತವೆಂದರೆ ಹೀಗೆಯೇ: ಕಣ್ಣಿಗೆ ಒತ್ತಿಕೊಳ್ಳುತ್ತಾರೆ, ಓದುವುದಿಲ್ಲ. ಹಾಳೆಯನ್ನು ಮಡಿಚಿ ಕಿಸೆಗೆ ಇಟ್ಟುಕೊಂಡರು. 'ಹಿಂದೆ ಅರ್ಥ ಬರೆದಿದ್ದೇನೆ, ನೋಡಿಕೊಳ್ಳಿ' ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆಡಲಿಲ್ಲ. ಅದು ಧೈರ್ಯವೂ ಅಲ್ಲ, ಪ್ರಾಮಾಣಿಕತೆಯೂ ಅಲ್ಲ. ಅವರು ನೋಡದಿರಲಿ ಎಂಬ ಕಳ್ಳ ಆಸೆ ನನ್ನಲ್ಲಿತ್ತು. ಮುಂದಿನ ಹದಿನೈದು ದಿನ ಪೂಜೆಗೆ ಕುಳಿತರೆ ಮನಸ್ಸು ನಿಲ್ಲುತ್ತಿರಲಿಲ್ಲ.

ಮಂತ್ರಿಗಳು ಬರಲು ನಾಲ್ಕು ದಿನವಿದ್ದಾಗ ಕರೆ ಬಂತು. ಸಮಾರಂಭದಲ್ಲಿ ಶ್ಲೋಕಗಳನ್ನು ನಾನೇ ಓದಿ ಕನ್ನಡದಲ್ಲಿ ಅರ್ಥ ಹೇಳಬೇಕು, ಮೊದಲೊಮ್ಮೆ ಓದಿ ತೋರಿಸಬೇಕು ಎಂದು. ಹೋಗಿ ನೋಡಿದರೆ ಕಲ್ಲು ಕಮಾನಿನ ಕಂಬದಲ್ಲಿ ಕುಳಿತಾಗಿತ್ತು. ಕಲ್ಲುಕುಟಿಗ ಒಂದಕ್ಷರವೂ ತಪ್ಪದಂತೆ ಕೆತ್ತಿದ್ದ. ಅದಕ್ಕೆ ಅರಿಶಿನ ಕುಂಕುಮ ಏರಿಸಿ, ಕಾಯಿ ಒಡೆದು, ಪೂಜೆಯೂ ಆಗಿತ್ತು. ಪಂಚಾಯಿತಿಯ ಸದಸ್ಯರು ನಾಲ್ಕೈದು ಜನ ಸುತ್ತ ನಿಂತಿದ್ದರು. ಕೂಲಿ ಮುಗಿಸಿ ಬರುತ್ತಿದ್ದ ಕೇರಿಯ ಹೆಂಗಸರೂ ಕುತೂಹಲದಿಂದ ದೂರದಲ್ಲಿ ನಿಂತರು. ಆ ಗಟ್ಟಿ ಮಾತಿನವಳೂ ಇದ್ದಳು.

ಶಿವನನ್ನು ನೆನೆದು ಓದಿದೆ. ಸಂಸ್ಕೃತ ಮುಗಿಯುವವರೆಗೆ ಎಲ್ಲರೂ ತಲೆದೂಗಿದರು. ಅರ್ಥ ಹೇಳಲು ತೊಡಗಿ ಮೂರನೆಯ ಶ್ಲೋಕಕ್ಕೆ ಬಂದಾಗ ತಲೆಗಳು ನಿಂತವು. ನಾಲ್ಕನೆಯದರ ಅರ್ಥವನ್ನೂ ಹೇಳಿ ಮುಗಿಸಿದೆ.

"ಏನಂದ್ರಿ? ಮೂರನೇದು ಇನ್ನೊಮ್ಮಿ ಅನ್ರಿ," ಎಂದರು ಚೇರ್ಮನ್ನರು.

ಇನ್ನೊಮ್ಮೆ ಹೇಳಿದೆ.

"ಅಯ್ನೋರ, ನೀವು ನನ್ನ ಮಾರಿಗೆ ಮಸಿ ಬಳದ್ರಿ!"

"ಹಾಳೆಯ ಹಿಂದೆ ಕನ್ನಡದಲ್ಲೇ ಬರೆದಿದ್ದೆ."

ಕಲ್ಲುಕುಟಿಗ ತನ್ನ ಚೀಲದಿಂದ ಹಾಳೆಯನ್ನು ತೆಗೆದು ಹಿಂದು ಮುಂದು ತಿರುವಿ ತೋರಿಸಿದ. ಚೇರ್ಮನ್ನರು ಅದನ್ನು ಓದಿ ಅವನ ಮೇಲೆ ಹರಿಹಾಯ್ದರು: "ನೋಡ್ತಾ ನಿಂತಿ ಏನಲೇ? ತಗೋ ಉಳಿ, ಆ ಸಾಲು ಕೆತ್ತಿ ಹಾಕು!"

ಅವನು ಎರಡು ಹೆಜ್ಜೆ ಹಿಂದೆ ಸರಿದ. "ಒಲ್ಲೆರೀ ಧಣಿ. ಕಡೀ ಸಾಲು ಕೇಳಿದ್ರಿಲ್ಲೋ? ಪೂಜಿ ಆದ ಕಲ್ಲದು. ನಂಗ ಹೆಂಡ್ರು ಮಕ್ಕಳು ಅದಾರ. ಉಳಿ ಕೊಡ್ತೀನಿ, ಬೇಕಂದ್ರ ನೀವ ಕೆತ್ರಿ."

ಚೇರ್ಮನ್ನರು ಉಳಿಗೆ ಕೈ ಚಾಚಲಿಲ್ಲ.

"ಮ್ಯಾಲೆ ಒಂದು ಬಟ್ಟಿ ಹೊಚ್ಚಿಬಿಡೋಣರೀ," ಎಂದರು ಒಬ್ಬ ಸದಸ್ಯರು.

"ಮಂತ್ರಿ ಬರಾಕತ್ತಿದ್ದೇ ಬಟ್ಟಿ ತಗಿಯಾಕಲೇ ಮಾರಾಯಾ!" ಎಂದರು ಇನ್ನೊಬ್ಬರು.

ಹೆಂಗಸರ ಗುಂಪಿನಲ್ಲಿ ನಗೆ ಚೆಲ್ಲಿತು. ಚೇರ್ಮನ್ನರು ನನ್ನ ಕಡೆ ತಿರುಗಿ, "ನಿಮ್ಮನ್ನ ವರ್ಗಾ ಮಾಡಿಸಿ ದೇವದುರ್ಗಕ್ಕ ಒಗಸ್ತೀನಿ ನೋಡ್ರಿ!" ಎಂದು ಗುಡುಗಿದರು.

"ಅದು ನನ್ನ ಹುಟ್ಟೂರು. ಬಹಳ ಉಪಕಾರವಾಯಿತು," ಎಂದೆ. ಚೇಷ್ಟೆಗೆ ಆಡಿದ ಮಾತಲ್ಲ. ಹೆದರಿದ ಬಾಯಿಗೆ ನಿಜವೇ ಬಂದಿತ್ತು. ಆದರೆ ಸದಸ್ಯರು ಬಿದ್ದು ಬಿದ್ದು ನಕ್ಕರು. ಆ ನಗೆ ಅಡಗುವ ಹೊತ್ತಿಗೆ ಚೇರ್ಮನ್ನರ ಸಿಟ್ಟೂ ಅರ್ಧ ಇಳಿದಿತ್ತು. ಕಮಾನಿನ ಬುಡದಲ್ಲಿ ಕುಳಿತು, ರುಮಾಲಿನಿಂದ ಮುಖ ಒರೆಸಿಕೊಂಡು, ಮೆಲ್ಲಗೆ ಕೇಳಿದರು: "ಮತ್ತ ಇದಕ್ಕ ಏನರ ಶಾಂತಿ ಅದ ಏನ್ರಿ?"

ಹಳೆಯ ಶಾಸನಗಳಲ್ಲಿ ನಾನು ಕಂಡಿದ್ದನ್ನು ಹೇಳಿದೆ. ಬರೆದದ್ದನ್ನು ಅಳಿಸುವಂತಿಲ್ಲ, ಆದರೆ ಮುಂದೆ ಧರ್ಮ ನಡೆದರೆ ಕೆಳಗೆ ಒಂದು ಸಾಲನ್ನು ಸೇರಿಸಬಹುದು. ಕಲ್ಲಿನ ಅಡಿಯಲ್ಲಿ ಗೇಣು ಜಾಗ ಖಾಲಿ ಇದೆ. ಕೇರಿಗೆ ನೀರು ಬಂದ ದಿನ, ಇಂಥವರು ಕೊಡಿಸಿದರೆಂದು ನಾನೇ ಬರೆದುಕೊಡುವೆ.

"ಮೊದಲ ಬರದುಬಿಡ್ರಿ, ನೀರು ಆಮ್ಯಾಲೆ ಕೊಡ್ತೀವಿ," ಎಂದು ಒಬ್ಬ ಸದಸ್ಯರು ಬಾಯಿ ಹಾಕಿದರು.

ಚೇರ್ಮನ್ನರೇ ಅವರನ್ನು ಗದರಿದರು: "ಸುಮ್ನಿರು. ಇನ್ನೂ ಒಂದು ಸುಳ್ಳು ಹೊರಸಬ್ಯಾಡ."

ಮಂತ್ರಿಗಳ ಭೇಟಿ ಮುಂದಕ್ಕೆ ಹೋಯಿತು. ಹೇಗೆ ಹೋಯಿತೆಂದು ನಾನು ವಿಚಾರಿಸಲಿಲ್ಲ. ಕಮಾನಿನ ನೆತ್ತಿಗೆ ಏರಬೇಕಿದ್ದ ಗಾರೆಯ ಸಿಂಹಗಳು, ಬಣ್ಣ, ದೀಪಗಳ ಸಾಲು ಎಲ್ಲ ನಿಂತವು. ಅದರ ಹಣ ನೀರಿಗೇ ಮರಳಲೆಂದು ಠರಾವಾಯಿತು. ಕಡಿಮೆ ಬಿದ್ದದ್ದನ್ನು ಚೇರ್ಮನ್ನರು ಗಿರಣಿಯಿಂದ ತುಂಬಿದರು. ಅದನ್ನು ಹೆದರಿಕೆಯಿಂದ ಕೊಟ್ಟರೋ ಭಕ್ತಿಯಿಂದ ಕೊಟ್ಟರೋ ಎಂದು ಕಾರ್ಯದರ್ಶಿಯನ್ನು ಕೇಳಿದಾಗ, "ಕೊಟ್ರಲ್ಲರೀ," ಎಂದಷ್ಟೇ ಹೇಳಿದ.

ಅಷ್ಟಾದರೂ ನನಗೆ ಸಮಾಧಾನವಿರಲಿಲ್ಲ. ಕಾಲುವೆ ನಿಲ್ಲುವುದರೊಳಗೆ ಪೈಪು ಕೇರಿಯನ್ನು ಮುಟ್ಟದಿದ್ದರೆ, ನಾನು ಊರಿಗೆ ಒಂದು ಜಗಳವನ್ನು ಕೊಟ್ಟಂತಾಯಿತೇ ಹೊರತು ನೀರನ್ನಲ್ಲ. ಯುಗಾದಿ ಬಂತು. ಬೇವುಬೆಲ್ಲವನ್ನು ಬಾಯಿಗಿಟ್ಟುಕೊಂಡರೂ ಮನಸ್ಸೆಲ್ಲ ಆ ಊರಿನಲ್ಲಿತ್ತು. ಹಬ್ಬ ಕಳೆದು ಐದಾರು ದಿನಕ್ಕೆ ಕಾರ್ಯದರ್ಶಿ ಹೇಳಿ ಕಳಿಸಿದ: ಇಂದು ನೀರು ಬಿಡುತ್ತಾರೆ, ಬರಬೇಕು.

ಮಧ್ಯಾಹ್ನದ ಬಸ್ಸಿಗೆ ಹೋದೆ. ಕೇರಿಯ ನಡುವೆ ಹೊಸ ಕೊಳವೆಬಾವಿಯಿಂದ ಪೈಪು ಎಳೆದ ಸಣ್ಣ ಟಾಕಿ, ಅದಕ್ಕೆ ಎರಡು ನಳ. ಮೊದಲು ಗಾಳಿ ಬುಸುಗುಟ್ಟಿತು, ಆಮೇಲೆ ಕೆಂಪು ನೀರು ಉಗುಳಿತು, ಕಡೆಗೆ ತಿಳಿಯಾಯಿತು. ಕಾಲುವೆಯಲ್ಲಿ ಅಂದಿಗೆ ಮೊಣಕಾಲುದ್ದದ ನೀರೂ ಉಳಿದಿರಲಿಲ್ಲ. ಕಲ್ಲುಕುಟಿಗ ಉಳಿ ಹಿಡಿದು ಕಾದಿದ್ದ. ಚೇರ್ಮನ್ನರು ಹೊಸ ರುಮಾಲು ಸುತ್ತಿಕೊಂಡು, "ಇನ್ನ ಬರೀರಿ ಅಯ್ನೋರ," ಎಂದರು.

ನಾನು ಹಾಳೆ ಬಿಚ್ಚಿದೆ. ಆ ಗಟ್ಟಿ ಮಾತಿನವಳು ತುಂಬಿದ ಕೊಡವನ್ನು ಸೊಂಟದಿಂದ ಇಳಿಸಿ ಅಡ್ಡ ಬಂದಳು.

"ತಡೀರಿ. ಏನಂತ ಬರೀತೀರಿ?"

"ಕೇರಿಗೆ ಕುಡಿಯುವ ನೀರು ಬಂತು ಎಂದು."

"ಕುಡಿಯೋ ನೀರು ಅಂತ ನಿಮಗ ಹೆಂಗ ಗೊತ್ತು? ಕುಡುದು ನೋಡಿ ಬರೀರಿ. ಉಪ್ಪ ಅದಾವೋ ಸೀ ಅದಾವೋ. ಆಮ್ಯಾಲೆ ಕಲ್ಲಿನ್ಯಾಗ ಸುಳ್ಳು ಕುಂದ್ರಬಾರ್ದಲ್ಲ."

ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಆ ಕಾಲಕ್ಕೆ, ನನ್ನಂಥ ಮಡಿಯವನಿಗೆ, ಅದು ಎಂಥ ಮಾತೆಂದು ಅವಳಿಗೂ ತಿಳಿದಿತ್ತು, ಚೇರ್ಮನ್ನರಿಗೂ ತಿಳಿದಿತ್ತು. ಆದರೆ ಅವಳ ಮಾತಿನಲ್ಲಿ ತಪ್ಪೇನಿತ್ತು? ಸಾಕ್ಷಿಯಾಗುವವನು ಕಂಡಿರಬೇಕು ಎಂದು ಗುರುಗಳೇ ಕಲಿಸಿದ್ದರು. ಬೊಗಸೆ ಒಡ್ಡಿದೆ. ಅವಳು ಕೊಡ ಬಾಗಿಸಿ ಸುರಿದಳು. ಬಿಸಿಲಲ್ಲಿ ಬಂದವನಿಗೆ ಆ ನೀರು ತಣ್ಣಗೆ ಎದೆಯವರೆಗೆ ಇಳಿಯಿತು.

"ಸೀ ಇದೆ," ಎಂದೆ.

"ಹಂಗಾದ್ರ ಬರೀರಿ," ಎಂದಳು. ಕೊಡವನ್ನು ಸೊಂಟಕ್ಕೇರಿಸಿಕೊಂಡು ಮನೆಯ ಕಡೆ ನಡೆದಳು. ನಾನು ನಳದ ಬಳಿಯೇ ಕುಳಿತು, ಎಲ್ಲರಿಗೂ ತಿಳಿಯುವಂತೆ, ಕನ್ನಡದಲ್ಲಿ ಒಂದೇ ಸಾಲನ್ನು ಬರೆದು ಕಲ್ಲುಕುಟಿಗನ ಕೈಗೆ ಕೊಟ್ಟೆ. ಬಹು ದಿನಗಳ ಮೇಲೆ ಆ ಸಂಜೆಯ ಪೂಜೆಯಲ್ಲಿ ನನ್ನ ಮನಸ್ಸು ನಿಂತಿತು.