ಮುಚ್ಚಳದ ಮೇಲಿನ ಚೀಟಿ

ದೇಹ ನಶ್ವರ, ಹೆಸರು ಶಾಶ್ವತ ಎನ್ನುತ್ತಾರೆ. ಗೋವಾದ ನಮ್ಮ ಪೆಥಾಲಜಿ ಲ್ಯಾಬಿನಲ್ಲಿ ದೇಹದ ಚೂರು ಕೊಳೆಯದಂತೆ ಕಾಯುವ ಫಾರ್ಮಲಿನ್ ದ್ರಾವಣದಲ್ಲಿ ಭದ್ರವಾಗಿರುತ್ತಿತ್ತು, ಹೆಸರೇ ಕಳೆದುಹೋಗುತ್ತಿತ್ತು. ಸುಧಾರಣೆಗೆಂದು ಬಾರ್‌ಕೋಡ್ ಬಂತು. ಯಂತ್ರಕ್ಕೆ ಓದಲು ಸುಲಭವೆಂದು ಚೀಟಿಯನ್ನು ಬಾಟಲಿಯ ಮುಚ್ಚಳಕ್ಕೇ ಅಂಟಿಸಿದೆವು. ಒಂದು ಬೆಳಿಗ್ಗೆ ಲ್ಯಾಬಿನವರೊಬ್ಬರು ಎರಡು ಬಾಟಲಿಗಳ ಮುಚ್ಚಳಗಳನ್ನು ಒಟ್ಟಿಗೆ ತೆಗೆದಿಟ್ಟರು. ಎರಡರಲ್ಲೂ ಇಬ್ಬರು ಹೆಂಗಸರ ಎದೆಯ ಗಂಟಿನ ಚೂರು, ಪರೀಕ್ಷಿಸಿದರೆ ಒಂದರಲ್ಲಿ ಕ್ಯಾನ್ಸರ್. ಯಾವ ಮುಚ್ಚಳ ಯಾವ ಬಾಟಲಿಯದೆಂದು ಯಂತ್ರವೂ ಹೇಳಲಿಲ್ಲ.

ರಿಪೋರ್ಟ್ ಕೊಡಬೇಕಿದ್ದ ದಿನ ಲ್ಯಾಬಿನ ಒಂದೇ ಬಾಗಿಲಿನೆದುರು, ಉತ್ತರ ಕರ್ನಾಟಕದಿಂದ ಬಂದು ಝುವಾರಿನಗರದಲ್ಲಿ ನೆಲೆಸಿದ್ದ ಕೂಲಿಯವನೊಬ್ಬ ಕೂತಿದ್ದ. ಅವನನ್ನು ದಾಟದೆ ನಾನು ಚಹಾಕ್ಕೂ ಹೊರಬೀಳುವಂತಿರಲಿಲ್ಲ.

“ಸಾಹೇಬ್ರ, ನಮ್ಮಾಕಿ ರಿಪೋರ್ಟ್ ಬಂತೇನ್ರಿ?”

“ಮಷೀನು ನೋಡಾಕತ್ತೈತಿ.”

“ಮುಂಜಾನಿಯಿಂದ ನೋಡಾಕತ್ತೈತಲ್ರಿ. ಅದಕ್ಕೂ ಚಷ್ಮಾ ಬೇಕೇನು?”

ಅವನ ಹೆಂಡತಿಯ ಬಾಟಲಿ ಯಾವುದೆಂದೇ ತಿಳಿಯದಾಗಿದೆಯೆಂದು ನಿಜ ಹೇಳಿದೆ. ಅವನು ಎದ್ದು ಹೋಗಲಿಲ್ಲ.

ಡಾಕ್ಟರು ಇಬ್ಬರು ಹೆಂಗಸರನ್ನೂ ಕರೆಸಿ ಮತ್ತೆ ಚೂರು ತೆಗೆದರು. ಈ ಸಲ ಚೀಟಿಯನ್ನು ಬಾಟಲಿಯ ಮೈಗೆ ಅಂಟಿಸಿದೆವು. ಕ್ಯಾನ್ಸರ್ ಇದ್ದದ್ದು ಅವನ ಹೆಂಡತಿಗೆ.