ಚಂಡಮಾರುತ ತಿರುಗಿದ್ದಕ್ಕೆ ಜಿಲೇಬಿ

ಕಾಫಿ ಕೊಯ್ಲು ಶುರುವಾಯಿತೆಂದರೆ ನಮ್ಮ ಮೂಡಿಗೆರೆ ಕಡೆಯ ಬೆಳೆಗಾರರಿಗೆ ಬಂಗಾಳ ಕೊಲ್ಲಿ ಹಿತ್ತಲಿನಷ್ಟು ಹತ್ತಿರವಾಗಿಬಿಡುತ್ತದೆ. ಅಲ್ಲಿ ವಾಯುಭಾರ ಕುಸಿದರೆ ಇಲ್ಲಿ ನಮಗೆ ನಿದ್ದೆ ಇಲ್ಲ. ಕಣದಲ್ಲಿ ಹರಡಿದ ಕಾಫಿ ನೆನೆದರೆ ಬೂಸ್ಟು ಹಿಡಿಯುತ್ತದೆ, ಗಿಡದಲ್ಲಿರುವ ಹಣ್ಣು ಒಡೆದು ನೆಲಕ್ಕುದುರುತ್ತದೆ. ಹಾಗಾಗಿ ಬೆಳಗ್ಗೆ ಎದ್ದು ದೇವರ ಪಟ ನೋಡುವ ಮೊದಲೇ ನಾನು ಮೊಬೈಲಿನಲ್ಲಿ ಹವಾಮಾನದ ನಕ್ಷೆ ನೋಡುತ್ತೇನೆ. ಮನೆಯವರು ತೋಟ ನೋಡಿಕೊಳ್ಳುತ್ತಾರೆ, ಕಣ ನನ್ನದು. ಕಾಫಿ ಹರಡಬೇಕೋ, ರಾಶಿ ಮಾಡಿ ಟಾರ್ಪಾಲು ಹೊದಿಸಬೇಕೋ ಎಂದು ಹೇಳುವವಳು ನಾನೇ. ಈ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೂ ಇದೆ.

ಹೋದ ವರ್ಷ ಕೊಯ್ಲು ಭರದಲ್ಲಿದ್ದಾಗ ಚಂಡಮಾರುತವೊಂದು ಎದ್ದಿತು. ಮುನ್ಸೂಚನೆಯ ಗೆರೆ ನೇರ ಚೆನ್ನೈ ಕಡೆಗಿತ್ತು. ಅಲ್ಲಿಗೆ ಬಂದರೆ ನಮಗೂ ಮಳೆ ತಪ್ಪಿದ್ದಲ್ಲ. ನಾನು ಊಟ ತಿಂಡಿ ಬಿಟ್ಟು ಕಂಡಕಂಡವರ ಮೇಲೆಲ್ಲ ರೇಗಾಡಿದೆ. ಮರುದಿನ ಮಧ್ಯಾಹ್ನ ಗೆರೆ ಬಾಗಿತು, ಉತ್ತರಕ್ಕೆ, ಒಡಿಶಾ ಕಡೆಗೆ. ಬೆಳೆಗಾರರ ವಾಟ್ಸಾಪ್ ಗುಂಪಿನ ತುಂಬ ಕೈಮುಗಿಯುವ ಚಿತ್ರಗಳು. "ಬಚಾವಾದ್ವಿ ಮಾರಾಯ್ರೆ!" ಎಂದು ನಾನೂ ಬರೆದೆ. ಖುಷಿ ತಡೆಯಲಾಗದೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ಕೊಟ್ಟಿಗೆಹಾರಕ್ಕೆ ಓಡಿಸಿ ಜಿಲೇಬಿ ತರಿಸಿದೆ. "ಮಳೆ ತಪ್ತಲ್ಲ, ಅದಕ್ಕೆ, ತಗೊಳ್ಳಿ" ಎಂದು ಕಣದಲ್ಲಿದ್ದವರಿಗೆಲ್ಲ ನಾನೇ ಹಂಚಿದೆ.

ಅವರಲ್ಲಿ ಒಡಿಶಾದ ಗಂಡ ಹೆಂಡತಿಯೂ ಇದ್ದರು. ಕೆಲವು ವರ್ಷಗಳಿಂದ ಕೊಯ್ಲಿಗೆ ಬರುತ್ತಿದ್ದವರು, ನಮ್ಮ ಮಾತು ಕಲಿತಿದ್ದರು. ತನ್ನ ಪುಟ್ಟ ಮಗಳು ಊರಲ್ಲಿ ಅಜ್ಜಿಯ ಹತ್ತಿರ ಇದ್ದಾಳೆ, ಮನೆಯ ಬಾಗಿಲಲ್ಲಿ ನಿಂತರೆ ಸಮುದ್ರ ಕಾಣುತ್ತದೆ ಎಂದು ಅವಳು ಎಷ್ಟೋ ಸಲ ಹೇಳಿದ್ದಳು. ನಾನು ಹೂಂಗುಟ್ಟಿದ್ದೆ, ಅಷ್ಟೆ. ಬೆರಳಿಗಂಟಿದ ಪಾಕ ನೆಕ್ಕುತ್ತಾ ಅವಳು ಕೇಳಿದಳು, "ಅಮ್ಮಾ, ತೂಫಾನ್ ಮತ್ತೆ ಎಲ್ಲಿಗೆ ಹೋಯ್ತು?"

ಮೊಬೈಲನ್ನು ಅವಳ ಮುಂದೆ ಹಿಡಿಯುವವರೆಗೂ ನನಗೆ ಹೊಳೆದಿರಲಿಲ್ಲ. ಗೆರೆಯ ತುದಿಯಲ್ಲಿದ್ದ ಹೆಸರನ್ನು ಅವಳ ಗಂಡ ಓದಿದ. ಅದು ಅವರದೇ ಜಿಲ್ಲೆ.

ಕೆಲಸ ಬಿಟ್ಟು ಇಬ್ಬರೂ ಸಿಗ್ನಲ್ ಸಿಗುವ ದಿಬ್ಬ ಹತ್ತಿ ಕೂತರು. ಒಮ್ಮೆ ಅಜ್ಜಿ ಸಿಕ್ಕಳು, ಮಗುವನ್ನು ಕರೆದುಕೊಂಡು ಹೊರಡುತ್ತೇನೆ ಎಂದಳಂತೆ. ಆಮೇಲೆ ಫೋನ್ ಸ್ವಿಚ್ ಆಫ್. ಮರುದಿನವೂ ಹಾಗೇ. ಇಲ್ಲಿ ಮಾತ್ರ ಒಳ್ಳೆ ಬಿಸಿಲು, ಕಾಫಿ ಚೆನ್ನಾಗಿ ಒಣಗುತ್ತಿತ್ತು. ನನಗೆ ಆ ಬಿಸಿಲಲ್ಲಿ ನಿಲ್ಲಲು ನಾಚಿಕೆಯಾಯಿತು. ದಿಬ್ಬದ ಕಡೆ ತಲೆಯೆತ್ತಿ ನೋಡುವ ಧೈರ್ಯವೂ ಬರಲಿಲ್ಲ.

ಕೊನೆಗೂ ಕರೆ ಬಂತು. ಅಜ್ಜಿ, ಮಗು ಶಾಲೆಯ ಕಟ್ಟಡದಲ್ಲಿದ್ದರು. ಮನೆಯ ಸೂರು ಹಾರಿಹೋಗಿತ್ತು. ನನಗೆ ಅಳುವೇ ಬಂತು. ಅವರಿಬ್ಬರೂ ಊರಿಗೆ ಹೊರಟರು. ಜೀಪು ಹತ್ತುವಾಗ ಅವಳ ಕೈ ಹಿಡಿದು "ತಪ್ಪಾಯ್ತು ಕಣೇ, ನಂಗೆ ಹೊಳೀಲೇ ಇಲ್ಲ" ಎಂದೆ.

"ನೀವು ಖುಷಿಗೆ ಕೊಟ್ರಿ ಅಮ್ಮಾ," ಎಂದಳು. "ಗೊತ್ತಿಲ್ದೆ ನಾನೂ ತಿಂದ್ಬಿಟ್ಟೆ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ತಿಂದದ್ದಕ್ಕೆ ಅವಳು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಈ ವರ್ಷ ಅವರು ಬಂದಿಲ್ಲ. ಮೊನ್ನೆ ಮತ್ತೊಂದು ಚಂಡಮಾರುತ ಎದ್ದಿತು. ಗೆರೆ ಈ ಸಲವೂ ಉತ್ತರಕ್ಕೆ ಬಾಗಿತು. "ಜಿಲೇಬಿ ತರ್ಲಾ ಅಮ್ಮಾ?" ಎಂದು ರೈಟರ್ ಕೇಳಿದರು. ಬೇಡ ಎಂದೆ. ಆದರೆ ಅವರು ಕೇಳುವ ಮೊದಲೇ, ನಕ್ಷೆ ನೋಡಿದ ಕೂಡಲೇ, ಸದ್ಯ ಎಂದು ನಾನು ಉಸಿರು ಬಿಟ್ಟಾಗಿತ್ತು.